ವಿಧಾನ ಎಲ್ಲಿ?

ದರ್ಜಿ ಅಕ್ಕನ ಕಣ್ಣಳತೆ ಎಂದರೆ ಟೇಪೇ ನಾಚಬೇಕು. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಎದೆ ಇಷ್ಟು, ತೋಳು ಇಷ್ಟು ಎಂದು ಹೇಳಿಬಿಡುತ್ತಾಳೆ. ಇಂಥವಳು ಲೆಕ್ಕದಲ್ಲಿ ನೂರಕ್ಕೆ ಹದಿಮೂರು ತೆಗೆದು, ಎಂಟನೇ ತರಗತಿಗೇ ಶಾಲೆಗೆ ಕೈಮುಗಿದು ಬಂದವಳು ಎಂದರೆ ನಂಬುತ್ತೀರಾ? ನಂಬಲೇಬೇಕು.

ಈಗ ಮಗಳದ್ದೂ ಅದೇ ಕಥೆ. ಉತ್ತರ ಸರಿ, ಮಾರ್ಕ್ಸ್ ಸೊನ್ನೆ. 'ವಿಧಾನ ಎಲ್ಲಿ?' ಎಂದು ಕೆಂಪು ಶಾಯಿಯಲ್ಲಿ ಬರೆದ ಟೀಚರು, ಪಕ್ಕದವಳದ್ದು ನೋಡಿ ಬರೆದಿರಬೇಕು ಎಂದು ಸಂಶಯವನ್ನೂ ಪಟ್ಟಿದ್ದರು. ಶುಕ್ರವಾರದ ಪರೀಕ್ಷೆಯಲ್ಲೂ ಹೀಗೇ ಆದರೆ ಹುಡುಗಿಯನ್ನು ಒಂದು ತರಗತಿ ಕೆಳಗೆ ಕೂರಿಸುವುದು ಖಂಡಿತ.

"ಹಾಗೇನಾದ್ರೂ ಆದ್ರೆ ನಾನು ಶಾಲೆಗೇ ಹೋಗಲ್ಲಮ್ಮ," ಎಂದಳು ಮಗಳು.

ಅಕ್ಕ ಸೊನ್ನೆ ಬಿದ್ದ ಪ್ರಶ್ನೆಯನ್ನು ಅವಳಿಂದ ಓದಿಸಿದಳು. ಅಂಗಿಗೆ ಒಂದೂಮುಕ್ಕಾಲು ಮೀಟರು. ಇಪ್ಪತ್ತು ಮೀಟರಿನಲ್ಲಿ ಎಷ್ಟು ಅಂಗಿ?

"ಹನ್ನೊಂದು, ಮುಕ್ಕಾಲು ಮೀಟರ್ ಉಳಿಯುತ್ತೆ," ಎಂದರು ತಾಯಿ ಮಗಳು ಒಟ್ಟಿಗೆ. ಅದು ಹೇಗೆ ಬಂತು ಎಂದು ಕೇಳಿದರೆ ಇಬ್ಬರದ್ದೂ ಪಿಳಿಪಿಳಿ ಕಣ್ಣು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಸುಮ್ಮನೆ ಹೇಳಿಲ್ಲ.

ಅಕ್ಕ ಕತ್ತರಿ ಕೆಳಗಿಟ್ಟು ಯೋಚಿಸಿದಳು. "ಅಂಗಡೀಲಿ ಹೊಸಬರಿಗೆ ನಾನು ಹೇಗೆ ಹೇಳ್ಕೊಡ್ತೀನಿ? ಹಾಗೇ ಬರಿ. ನಿಮ್ಮ ಟೀಚರಿಗೆ ಏನೂ ಬರಲ್ಲ ಅಂದ್ಕೊಂಡು ಬರಿ."

ಶನಿವಾರ ಟೀಚರು ಉತ್ತರಪತ್ರಿಕೆ ಹಿಡಿದು ಅಂಗಡಿಗೇ ಬಂದರು. ಪರದೆಗೆ ಎರಡೂಕಾಲು ಮೀಟರಿನಂತೆ ಎಷ್ಟು ಪರದೆ ಎಂಬ ಲೆಕ್ಕಕ್ಕೆ ಹುಡುಗಿ ಬರೆದದ್ದನ್ನು ಗಟ್ಟಿಯಾಗಿ ಓದಿದರು: "'ಇರೋದು ಇಪ್ಪತ್ತು ಮೀಟರ್. ನಾಲ್ಕು ಪರದೆಗೆ ಒಂಬತ್ತು, ಎಂಟಕ್ಕೆ ಹದಿನೆಂಟು. ಉಳಿದ ಎರಡು ಮೀಟರಲ್ಲಿ ಇನ್ನೊಂದು ಆಗಲ್ಲ, ಆಸೆ ಪಡಬೇಡಿ. ಕತ್ತರಿ ಹಾಕೋ ಮುಂಚೆ ಇನ್ನೊಂದ್ಸಲ ಅಳೆದು ನೋಡಿ.'" ಓದಿ ಮುಗಿಸುವಷ್ಟರಲ್ಲಿ ನಗು ತಡೆಯಲಾಗದೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ಸಂಶಯ ಪಟ್ಟಿದ್ದು ನನ್ನ ತಪ್ಪು ಕಣಮ್ಮ," ಎಂದರು ಆಮೇಲೆ. "ಲೆಕ್ಕ ಇವಳಿಗೆ ಮೊದಲಿಂದ್ಲೂ ಬರ್ತಿತ್ತು. ಇವಳು ಇದೇ ತರಗತೀಲಿ ಇರ್ತಾಳೆ."

ಮಗಳು ಕುಣಿಯುತ್ತ ಬೀದಿಗೆ ಓಡಿದಳು. ಅಕ್ಕ ಮಾತ್ರ ಆ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಟೀಚರೇ, ಚಿಕ್ಕವಳಿದ್ದಾಗ ನಾನೂ ಬರೀ ಉತ್ತರಾನೇ ಬರೀತಿದ್ದೆ. ಹಾಗಾದ್ರೆ ನಾನೂ ದಡ್ಡಿ ಅಲ್ಲ ಅಂತಾಯ್ತಾ?"

"ದಡ್ಡಿ ಅಂತ ಯಾರಮ್ಮ ಅಂದಿದ್ದು?"

"ಬೇರೆ ಯಾರೂ ಅಲ್ಲ, ನಾನೇ. ಇಪ್ಪತ್ತೆಂಟು ವರ್ಷದಿಂದ," ಎಂದ ಅಕ್ಕ, ಕಣ್ಣೊರೆಸಿಕೊಂಡು ನಕ್ಕಳು.