ಒಳಗೆ ಬಿಟ್ಟ ಬಟ್ಟೆ

ಮೊನ್ನೆ ಬ್ರಹ್ಮಾವರದ ಅಂಗಡಿಯೊಂದರಲ್ಲಿ ಮಗಳ ಯೂನಿಫಾರ್ಮಿಗೆ ಬಟ್ಟೆ ನೋಡುತ್ತಿದ್ದೆ. ಅಂಗಡಿಯವರು ನೀಲಿ ಥಾನು ಬಿಚ್ಚಿ ಮೇಜಿನ ಮೇಲೆ ಉರುಳಿಸಿದ್ದೇ ತಡ, ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ನಾನು ಬ್ರಹ್ಮಾವರದಲ್ಲಿ ಇರಲೇ ಇಲ್ಲ. ಹೆಮ್ಮಾಡಿಯ ಟೈಲರಕ್ಕನ ಅಂಗಡಿಯ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದೆ. ಎಷ್ಟು ಮೀಟರ್ ಬೇಕು ಅಂತ ಬ್ರಹ್ಮಾವರದ ಅಂಗಡಿಯವರು ಕೇಳುತ್ತಲೇ ಇದ್ದರಂತೆ, ಮಗಳು ಕೈ ಜಗ್ಗಿದ ಮೇಲೆ ಎಚ್ಚರ...

ಅವರಿಗೂ ಹೆಸರೊಂದಿತ್ತು, ಆದರೆ ಊರಿಗೆಲ್ಲ ಟೈಲರಕ್ಕ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೈಯುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಅಳತೆ ಕೊಡುವಾಗ ನೆಟ್ಟಗೆ ನಿಲ್ಲದಿದ್ದರೆ ಬೈಗುಳ, ಉಸಿರು ಬಿಗಿಹಿಡಿದರೂ ಬೈಗುಳ. ಸಣ್ಣವರಿದ್ದಾಗ ಮುಂಬೈಗೆ ಹೋಗಿ ವರ್ಷಗಟ್ಟಲೆ ಕಾಣೆಯಾಗಿ, ಆಮೇಲೆ ತಿರುಗಿ ಬಂದವರು ಅನ್ನುವುದಷ್ಟೇ ನಮಗೆ ಗೊತ್ತಿದ್ದದ್ದು. ಹೆಂಗಸರು ಆ ವಿಷಯ ಬಂದಾಗ ದನಿ ತಗ್ಗಿಸುತ್ತಿದ್ದರು. ಮದುವೆಯ ಬ್ಲೌಸು ಹೊಲಿಯಲು ಅವರಿಗೇ ಕೊಡುತ್ತಿದ್ದರು, ಮದುವೆಗೆ ಮಾತ್ರ ಕರೆಯುತ್ತಿರಲಿಲ್ಲ. ನಮ್ಮಮ್ಮನೂ ಅವರಲ್ಲೊಬ್ಬಳು.

ಅಪ್ಪ ಇರಲಿಲ್ಲ. ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗಿ ನನ್ನನ್ನು ಸಾಕುತ್ತಿದ್ದಳು. ಗುರುತಿಲ್ಲದವರು ಬಂದು ಹಿಂದಿಯಲ್ಲಿ ಮಾತಾಡಿದರೆ ಸಾಕು, ಪಟಾರನೆ ಬಾಗಿಲು ಹಾಕುವವಳು. ಆದರೆ ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಬಂದ ಹೆಂಗಸು ಅಪ್ಪಟ ಕುಂದಾಪ್ರ ಕನ್ನಡದಲ್ಲಿ ಒಂದು ಲೋಟ ನೀರು ಕೇಳಿದಳು. ಬಾಗಿಲು ತೆರೆಯಿತು, ನೀರಿನ ಜೊತೆ ಬೆಲ್ಲವೂ ಹೋಯಿತು. ಮುಂಬೈಯಲ್ಲಿ ಒಳ್ಳೆ ಮನೆತನದವರಿದ್ದಾರೆ, ಮಗು ನೋಡಿಕೊಂಡಿದ್ದರೆ ಸಾಕು, ಅಲ್ಲೇ ಶಾಲೆಗೂ ಸೇರಿಸುತ್ತಾರೆ ಅಂದಳು. ನಮ್ಮ ಬದಿಯವಳು, ನಮ್ಮ ಭಾಷೆಯವಳು, ಅವಳು ಮೋಸ ಮಾಡುವುದುಂಟೇ? ಅಮ್ಮನ ಲೆಕ್ಕ ಇಷ್ಟೇ. ಎರಡು ದಿನ ಕಳೆದು ಬೈಂದೂರಿನಿಂದ ರೈಲು ಅಂತ ನಿಶ್ಚಯವೂ ಆಯಿತು.

ಹೊರಡುವ ಮೊದಲು ನನಗೆ ಮೂರು ಚೂಡಿದಾರ. ಬಟ್ಟೆ ತಂದವಳೂ ಅವಳೇ, ನನ್ನನ್ನು ಟೈಲರಕ್ಕನ ಹತ್ತಿರ ಕರೆದುಕೊಂಡು ಹೋದವಳೂ ಅವಳೇ. ನನಗೋ, ಕಾಲು ನೆಲದ ಮೇಲಿಲ್ಲ.

ಮಕ್ಕಳ ಬಟ್ಟೆ ಹೊಲಿಯಲು ಕೊಡುವಾಗ ನಮ್ಮಲ್ಲಿ ಯಾವ ತಾಯಿಯಾದರೂ ಹೇಳುವ ಮಾತೊಂದಿದೆ. ಬೆಳೆಯುವ ಮಗು, ಒಳಗೆ ಸ್ವಲ್ಪ ಬಟ್ಟೆ ಬಿಡಿ ಅಂತ. ವರ್ಷ ಕಳೆದ ಮೇಲೆ ಹೊಲಿಗೆ ಬಿಚ್ಚಿ ಅಗಲ ಮಾಡಿದರೆ ಮತ್ತೊಂದು ವರ್ಷಕ್ಕೆ ಆಗುತ್ತದೆ. ಎಂಥ ಸ್ಥಿತಿವಂತರೂ ಇದನ್ನು ಹೇಳದೆ ಅಂಗಡಿ ಇಳಿಯುವುದಿಲ್ಲ. ಟೈಲರಕ್ಕ ರೂಢಿಯಂತೆ, ಎಷ್ಟು ಬಿಡಲಿ ಅಂತ ಕೇಳಿದರು.

"ಒಳ್ಗೆ ಎಂತದೂ ಬಿಡುದ್ ಬ್ಯಾಡ. ಮೈಗೆ ಹಿಡ್ದ್ ಹೊಲ್ದ್ ಕೊಡಿ" ಅಂದಳು ಆಕೆ. ಕುತ್ತಿಗೆ ಇನ್ನೂ ಇಳಿಸಲು ಹೇಳಿದಳು.

ಟೈಲರಕ್ಕ ಟೇಪು ಹಿಡಿದಲ್ಲೇ ನಿಂತರು. ಬೈಯಲಿಲ್ಲ. ಒಬ್ಬೊಬ್ಬರನ್ನೂ ಬೈದೇ ಅಳತೆ ತೆಗೆಯುವವರು ನನ್ನ ತಲೆ ಸವರಿದರು, ಅದೇ ನನಗೆ ವಿಚಿತ್ರ ಅನಿಸಿತು. ನಾಳೆ ಸಂಜೆ ಬನ್ನಿ, ಕೊಡುತ್ತೇನೆ ಅಂದರು.

ಅವತ್ತು ಅಮ್ಮ ಫ್ಯಾಕ್ಟರಿಯಿಂದ ಬರುವುದರೊಳಗೆ ಅವರು ನಮ್ಮ ಜಗಲಿಯಲ್ಲಿ ಕೂತಿದ್ದರು. ಮಗಳನ್ನು ಕಳಿಸಬೇಡಿ ಅಂದದ್ದಕ್ಕೆ ಅಮ್ಮನಿಗೆ ಸಿಟ್ಟು ಬಂತು. ನನ್ನ ಮಗಳಿಗೆ ಬಂದ ಅದೃಷ್ಟಕ್ಕೆ ಕಲ್ಲು ಹಾಕಬೇಡಿ ಅಂದಳು. ಇನ್ನೂ ಏನೇನೋ ಅಂದಳು, ಅದೆಲ್ಲ ಇಲ್ಲಿ ಬೇಡ. ಟೈಲರಕ್ಕ ಎಲ್ಲ ಕೇಳಿಸಿಕೊಂಡು ತಣ್ಣಗೆ ಹೇಳಿದರು:

"ನಂಗೂ ಹೀಂಗೇ ಹೊಸ ಬಟ್ಟಿ ಹೊಲ್ಸ್ ಕೊಟ್ಟೇ ಕರ್ಕಂಡ್ ಹೋದದ್. ಆ ಬಟ್ಟಿ ಎಂತಕ್ಕಂತ ಅಲ್ಲಿಗ್ ಹೋದ್ ಮೇಲೇ ಗೊತ್ತಾದ್ದ್."

ಅಮ್ಮ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು. ಊರೆಲ್ಲ ದನಿ ತಗ್ಗಿಸಿ ಆಡುತ್ತಿದ್ದ ಸಂಗತಿಯನ್ನು ಟೈಲರಕ್ಕ ನನ್ನೊಬ್ಬಳಿಗಾಗಿ ಬಾಯಿಬಿಟ್ಟು ಹೇಳಿದ್ದರು. ಅದು ಎಷ್ಟು ಕಷ್ಟದ ಮಾತು ಅಂತ ಆಗ ನನಗೆಲ್ಲಿ ಗೊತ್ತು...

ಮಕ್ಕಳ ಸಹಾಯವಾಣಿಗೆ ಫೋನು ಮಾಡಿದವರೂ ಅವರೇ. ಮರುದಿನ ಸಂಜೆ ಬಟ್ಟೆ ಒಯ್ಯಲು ಬಂದವಳಿಗೆ ಅಂಗಡಿಯಲ್ಲಿ ಪೊಲೀಸರು ಕಾದಿದ್ದರು. ಮುಂಬೈಯ ಒಳ್ಳೆ ಮನೆತನ ಅನ್ನುವುದು ಶುದ್ಧ ಸುಳ್ಳು. ಬೈಂದೂರಿನ ಬಾಡಿಗೆ ಕೋಣೆಯೊಂದರಲ್ಲಿ ನನ್ನ ಪ್ರಾಯದ ಇನ್ನೊಬ್ಬಳು ಹೊಸ ಬಟ್ಟೆ ಹಾಕಿಕೊಂಡು ಕೂತಿದ್ದಳು. ಒಮ್ಮೆ ಹೋಗಿ ಹೇಗೋ ತಪ್ಪಿಸಿಕೊಂಡು ಬಂದಿದ್ದವಳನ್ನು ಮನೆಯವರೇ ಮತ್ತೆ ಕಳಿಸಿದ್ದರಂತೆ. ನನ್ನ ಚೂಡಿದಾರದ ಬಟ್ಟೆಯನ್ನು ಪೊಲೀಸರು ಕಟ್ಟಿಕೊಂಡು ಹೋದರು. ಅದರಲ್ಲೊಂದು ನವಿಲಿನ ಬಣ್ಣದ್ದು. ನಿಜ ಹೇಳುತ್ತೇನೆ, ನಾನು ಅತ್ತಿದ್ದು ಅದಕ್ಕೆ.

ಶಾಲೆ ಶುರುವಾಗುವಾಗ ಟೈಲರಕ್ಕ ನನಗೆ ಯೂನಿಫಾರ್ಮು ಹೊಲಿದುಕೊಟ್ಟರು. ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದರೆಂದರೆ, ಹಾಕಿಕೊಂಡರೆ ನನ್ನ ಜೊತೆ ಇನ್ನೊಬ್ಬಳೂ ಒಳಗಿದ್ದಾಳೆ ಅನಿಸಬೇಕು. ಗೆಳತಿಯರು ನಕ್ಕರು. ಒಂಬತ್ತನೇ ಕ್ಲಾಸಿಗೆ ಒಮ್ಮೆ, ಹತ್ತಕ್ಕೆ ಒಮ್ಮೆ ಬಿಚ್ಚಿ ಅಗಲ ಮಾಡಿಕೊಟ್ಟರು, ಬೈಗುಳ ಸಮೇತ. ಆ ಬೈಂದೂರಿನ ಹುಡುಗಿ ಸರಕಾರದ ಬಾಲಮಂದಿರದಲ್ಲಿದ್ದು ಓದಿದಳು. ಹದಿನೆಂಟು ತುಂಬಿದ ಮೇಲೆ ಹೋಗಲು ಮನೆ ಇರಲಿಲ್ಲ. ಟೈಲರಕ್ಕ ತಮ್ಮ ಮನೆಯಲ್ಲೇ ಇಟ್ಟುಕೊಂಡು ಕೆಲಸ ಕಲಿಸಿದರು. ಮೊದಮೊದಲು ಯಾರಾದರೂ ಅಂಗಡಿ ಮೆಟ್ಟಿಲು ಹತ್ತಿದರೆ ಸಾಕು, ಮಷಿನಿನ ಹಿಂದೆ ಅಡಗುತ್ತಿದ್ದಳು. ಈಗ ಅಂಗಡಿ ನಡೆಸುವವಳು ಅವಳೇ, ಮೊನ್ನೆ ಮೊನ್ನೆ ಎರಡನೇ ಮಷಿನೂ ತಂದಿದ್ದಾಳೆ. ಗಿರಾಕಿಗಳ ಹತ್ತಿರ ಚೌಕಾಶಿಗೆ ನಿಂತರೆ ಟೈಲರಕ್ಕನನ್ನೇ ಮೀರಿಸುತ್ತಾಳೆ.

ಅಮ್ಮ ಮಾತ್ರ ಅವರ ಮುಖ ನೋಡಲು ಬಹಳ ಕಾಲ ಹಿಂಜರಿದಳು. ಹಬ್ಬಕ್ಕೆ ಕಡುಬು ಮಾಡಿದರೆ ನನ್ನ ಕೈಯಲ್ಲಿ ಕಳಿಸುವಳು, ತಾನು ಹೋಗಳು. ಟೈಲರಕ್ಕ ಕಡುಬು ತಿಂದು, ಉಪ್ಪು ಕಡಿಮೆ ಅಂತ ಹೇಳಿ ಕಳಿಸುವರು. ಇಬ್ಬರ ಮಾತುಕತೆ ವರ್ಷಗಟ್ಟಲೆ ನಡೆದದ್ದು ಹೀಗೆ.

ಹೋದ ಮಳೆಗಾಲದಲ್ಲಿ ಕುಂದಾಪುರದ ಆಸ್ಪತ್ರೆಯಲ್ಲಿ ಟೈಲರಕ್ಕ ತೀರಿಕೊಂಡರು. ನಾನು ಹೋಗಿ ಮುಟ್ಟುವಾಗ ಅಮ್ಮ ಆಗಲೇ ಅಲ್ಲಿದ್ದಳು. ಊರಿನ ಹೆಂಗಸರೂ ನಾಲ್ಕಾರು ಜನ ಬಂದು ಗೋಡೆ ಬದಿಗೆ ನಿಂತಿದ್ದರು. ಮನೆಯವರು ಯಾರು ಅಂತ ನರ್ಸು ಕೇಳಿದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಹೋದಳು.

"ನಾನೇ. ನನ್ನ ತಂಗಿ" ಅಂದಳು.

ಈಗ ಅವರಿಲ್ಲ. ಹೆಮ್ಮಾಡಿಯಲ್ಲಿ ಬಸ್ಸಿಳಿದಾಗಲೆಲ್ಲ ಮೊದಲು ಆ ಅಂಗಡಿಯ ಕಡೆಗೇ ನಡೆಯುತ್ತೇನೆ. ನನಗೊಬ್ಬಳು ಚಿಕ್ಕಮ್ಮ ಇದ್ದಳು. ಅಷ್ಟು ವರ್ಷವೂ ಅವಳನ್ನು ಅಕ್ಕ ಅಂತಲೇ ಕರೆದೆ.