ಉಮಾಶಂಕರನ ಕಡ್ಡಾಯ ರಜೆ

ಬರ್ಮಿಂಗ್‌ಹ್ಯಾಮಿನ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕಾರು ಅಪಘಾತಗಳ ಕ್ಲೇಮು ನೋಡುತ್ತಿದ್ದ ಉಮಾಶಂಕರನಿಗೆ ಇದ್ದದ್ದು ಒಂದೇ ಜಂಬ: ಏಳು ವರ್ಷದಲ್ಲಿ ಎರಡು ದಿನ ಒಟ್ಟಿಗೆ ರಜೆ ಹಾಕಿದವನಲ್ಲ. ಜ್ವರ ಬಂದರೂ ಮಫ್ಲರ್ ಸುತ್ತಿಕೊಂಡು ಬಸ್ಸು ಹತ್ತಿ, ಪಕ್ಕದ ಮೇಜಿನವರಿಗೂ ಜ್ವರ ಹಂಚಿ ಬಂದ ಪುಣ್ಯಾತ್ಮ. 2004ರ ಅಕ್ಟೋಬರಿನ ಅಪ್ರೈಸಲ್‌ಗೆ ಶಭಾಷ್‌ಗಿರಿ ಗ್ಯಾರಂಟಿಯೆಂದು ಹೊಸ ಶರ್ಟು ತೊಟ್ಟು ಹೋದ.

ಮ್ಯಾನೇಜರ್ ಡಯಾನ್ ಅದನ್ನೇ ತಪ್ಪೆಂದಳು. ರಜೆಯನ್ನೇ ಹಾಕದವನ ಮೇಜಿನಲ್ಲಿ ಏನು ನಡೆಯುತ್ತಿದೆಯೆಂದು ಇನ್ನೊಬ್ಬರಿಗೆ ಗೊತ್ತಾಗುವುದಾದರೂ ಹೇಗೆ? ಹೊಸ ನಿಯಮದಂತೆ ವರ್ಷಕ್ಕೊಮ್ಮೆ ಎರಡು ವಾರ ಒಟ್ಟಿಗೆ ರಜೆ ಹಾಕಲೇಬೇಕು, ಆಫೀಸಿಗೆ ಫೋನೂ ಮಾಡಕೂಡದು, ಅವನ ಫೈಲುಗಳನ್ನು ಬೇರೆಯವರು ನೋಡುತ್ತಾರೆ. ನಿಯಮ ಎಲ್ಲರಿಗೂ ಒಂದೇ ಎಂದು ಅವಳು ಎಷ್ಟು ಹೇಳಿದರೂ ಅವನಿಗೆ ಕಳ್ಳನ ಪಟ್ಟ ಕಟ್ಟಿದಂತಾಯಿತು.

ನಾಲ್ಕು ದಿನ ಗೊಣಗಿದ. ಐದನೆಯ ದಿನ ಹೆಂಡತಿ ನಾಗಮಣಿ ಹತ್ತಿರದ ಟಿವಿಡೇಲಿನಲ್ಲಿ ಆಗಿನ್ನೂ ಕಟ್ಟುತ್ತಿದ್ದ ಬಾಲಾಜಿ ಗುಡಿಗೆ ಎಳೆದುಕೊಂಡು ಹೋದಳು. ಪ್ರಸಾದದ ಪುಳಿಯೋಗರೆ ಬಾಯಿಗಿಡುವಾಗ ಥಟ್ಟನೆ ಏನೋ ನೆನಪಾಗಿ ದೊನ್ನೆ ಕೆಳಗಿಟ್ಟುಬಿಟ್ಟ. ಕಳೆದ ಕ್ರಿಸ್‌ಮಸ್ ಹೊತ್ತಿಗೆ ಪ್ರತಿ ಕ್ಲೇಮಿಗೂ ಬೇಕಾದ ಎರಡನೆಯವರ ಸಹಿ ಹಾಕಲು ಯಾರೂ ಆಫೀಸಿನಲ್ಲಿರಲಿಲ್ಲ. ಕಾರಿಲ್ಲದೆ ಒದ್ದಾಡುತ್ತಿದ್ದ ನರ್ಸ್ ಒಬ್ಬಳ ಕ್ಲೇಮನ್ನು ತಾನೇ ಬರೆದು ತಾನೇ ಪಾಸು ಮಾಡಿದ್ದ!

"ಕೆಲಸ ಹೋಯ್ತು ಕಣೇ. ಇನ್ನು ಯಾವ ಇನ್ಶೂರೆನ್ಸ್ ಕಂಪನೀನೂ ನನ್ನ ಸೇರಿಸಲ್ಲ."

"ನೀವೇನು ಒಂದು ಪೆನ್ನಿ ಮುಟ್ಟಿದ್ದೀರೇನ್ರೀ?"

"ಅದನ್ನ ಯಾರು ಕೇಳ್ತಾರೆ? ಎರಡೂ ಸಹಿ ನನ್ನದೇ ಅಲ್ವಾ?"

ಉಳಿದ ದಿನಗಳಲ್ಲಿ ಊಟ ಸೇರಲಿಲ್ಲ. ಫೋನಿನ ತನಕ ಹೋಗುತ್ತಿದ್ದ, ಮುಟ್ಟದೆ ವಾಪಸು ಬರುತ್ತಿದ್ದ.

ರಜೆ ಮುಗಿದ ಸೋಮವಾರ ಡಯಾನಳ ಎದುರು ಕೂತವನೇ ಎಲ್ಲವನ್ನೂ ಒದರಿಬಿಟ್ಟ. ಅವಳು ಆ ಫೈಲು ತೆರೆದು ಮೊದಲ ಹಾಳೆ ತೋರಿಸಿದಳು. ಅಲ್ಲಿ ಅವನದೇ ಕೈಬರಹ: 'ಎರಡೂ ಸಹಿ ನನ್ನವು. ದಯವಿಟ್ಟು ಬೇರೆ ಯಾರಾದರೂ ಪರೀಕ್ಷಿಸಿ.' ಬರೆದದ್ದೇ ಅವನಿಗೆ ಮರೆತುಹೋಗಿತ್ತು.

"ಹತ್ತು ತಿಂಗಳಿಂದ ಇದನ್ನು ಯಾರೂ ಓದಿಲ್ಲ. ತಪ್ಪು ನಮ್ಮದು," ಎಂದಳು ಡಯಾನ್. "ಈಗ ಪರೀಕ್ಷಿಸಿದ್ದೇವೆ. ಎಲ್ಲ ಸರಿಯಾಗಿದೆ."

ಉಮಾಶಂಕರನಿಗೆ ಹೋದ ಜೀವ ಬಂತು. ಹೊರಗೆ ಬಂದು ಮನೆಗೆ ಫೋನ್ ಮಾಡಿದ.

"ಏನಂದ್ರು ರೀ?"

"ಎಲ್ಲ ಸರಿಯಾಗಿದೆಯಂತೆ ಕಣೇ. ರಾತ್ರಿಗೆ ಪುಳಿಯೋಗರೆ ಮಾಡು, ಅವತ್ತು ತಿನ್ನೋಕಾಗಲಿಲ್ಲ. ಆಮೇಲೆ, ಮುಂದಿನ ವರ್ಷದ ಎರಡು ವಾರಕ್ಕೆ ಎಲ್ಲಿಗೆ ಹೋಗೋಣ ಹೇಳು."

ಆಚೆಯಿಂದ ಬಿಕ್ಕುವ ಸದ್ದು ಕೇಳಿತು. ಇಷ್ಟು ದಿನ ಅವನಿಗೆ ಧೈರ್ಯ ಹೇಳುತ್ತಿದ್ದ ನಾಗಮಣಿ ಈಗ ಅಳುತ್ತಿದ್ದಳು.