ಹಿರೇಮಠರು ಮಲಗಿಸಿಡುತ್ತಿದ್ದ ಪಟ್ಟಿ

ಹಿರೇಮಠರು ಗದ್ದವನ್ನು ಮೇಜಿಗೆ ತಾಗಿಸಿ, ಒಂದು ಕಣ್ಣು ಕಿರಿದು ಮಾಡಿ, ಕಂಪ್ಯೂಟರ್ ಪರದೆಯ ತಳದಲ್ಲಿರುವ ಟಾಸ್ಕ್‌ಬಾರ್ ಎಂಬ ಪಟ್ಟಿಯ ಅಡಿಗೆ ಇಣುಕುತ್ತಿದ್ದರು, ಕಪಾಟಿನ ಕೆಳಗೆ ಉರುಳಿದ ಗುಂಡಿ ಹುಡುಕುವವರ ಹಾಗೆ. ನಾನು ಅವರನ್ನು ಮೊದಲ ಸಲ ಕಂಡದ್ದು ಆ ಭಂಗಿಯಲ್ಲಿ. ಅದಕ್ಕೂ ಮೊದಲು ಬಹಳ ಕಾಲ ನಾವು ಫೋನಿನಲ್ಲೇ ಜಗಳವಾಡಿದ್ದೆವು.

ಅವರು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್‌ನಲ್ಲಿ, ನಮ್ಮ ಕಂಪನಿಯ ಗೋಡೌನ್‌ನಿಂದ ಲಾರಿಗಳಿಗೆ ಮಾಲು ತುಂಬಿಸಿ ಕಳಿಸುವವರು. ನಾನು ಮಾಜಿವಾಡಾ ಆಫೀಸಿನಲ್ಲಿ ಬಿಲ್ಲಿಂಗ್. ಅವರು ಬೈಲಹೊಂಗಲದ ಕಡೆಯವರು. ನಾನು ಮಂಗಳೂರಿನ ನನ್‌ಗಳ ಕೈಕೆಳಗೆ ಕಲಿತವಳು. ರಬ್ಬರ್ ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ಸಿಸ್ಟರ್ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ನಮ್ಮ ಮಾಲೀಕರಾದ ಸೇಠ್‌ಜಿ ಆಗ ಮೂರೂ ಆಫೀಸುಗಳಿಗೆ, ಅಂದರೆ ನಮಗೆ, ಕಳಂಬೋಲಿಗೆ, ಡೊಂಬಿವಲಿಯ ಕೌಂಟರ್‌ಗೆ ಸೇರಿಸಿ ಒಂದು ಸರ್ವರ್ ಹಾಕಿಸಿದ್ದರು. ನಮ್ಮ ಮೇಜಿನ ಕಂಪ್ಯೂಟರ್ ಬರೀ ಕಿಟಕಿ. ಕೆಲಸವೆಲ್ಲ ಆ ಒಂದೇ ಯಂತ್ರದೊಳಗೆ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಡಿ ಎಂದರೆ ಖರ್ಚಂತೆ. ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಮನೆಮಂದಿಯೆಲ್ಲ ಒಂದೇ ಟವಲಿನಲ್ಲಿ ಮುಖ ಒರೆಸಿದ ಹಾಗೆ. ಯಾರು ಕೊನೆಗೆ ಲಾಗ್ ಆಫ್ ಆದರೋ ಅವರ ಸೆಟ್ಟಿಂಗೇ ಮುಂದೆ ಒಳಬರುವವರಿಗೆ. ಸಂಜೆ ಕೊನೆಗೆ ಹೋಗುವವರು ಯಾವಾಗಲೂ ಹಿರೇಮಠರು, ಮತ್ತು ಅವರು ಟಾಸ್ಕ್‌ಬಾರನ್ನು ಹೈಡ್ ಮಾಡಿಟ್ಟು ಹೋಗುತ್ತಿದ್ದರು.

ಬೆಳಿಗ್ಗೆ ಬಿಲ್ಲಿಂಗ್ ತೆರೆಯಲು ನಾನು ಮೌಸನ್ನು ಕೆಳಗೆ ಎಳೆದರೆ ಸರ್ವರ್‌ನ ಪಟ್ಟಿ ಮಿಂಚಿ ಮಾಯ; ಮೌಸ್ ಜಾರಿ ನನ್ನ ಕಂಪ್ಯೂಟರಿನದೇ ಪಟ್ಟಿಯ ಮೇಲೆ ಕೂರುತ್ತಿತ್ತು. ಅಡಗಿದ್ದನ್ನು ಸರಿಮಾಡಲು ಅದರ ಮೇಲೇ ರೈಟ್ ಕ್ಲಿಕ್ ಮಾಡಬೇಕು, ಅದಕ್ಕೆ ಮೊದಲು ಅದು ಕೈಗೆ ಸಿಗಬೇಕು. ಅತ್ತ ಲಾರಿ, ರಸ್ತೆಗೆ ಲಾರಿಗಳನ್ನು ಬಿಡದ ನೋ ಎಂಟ್ರಿಯ ಹೊತ್ತಿಗೆ ಮೊದಲು ಹೊರಡಬೇಕು, ಇತ್ತ ನನ್ನ ಬಿಲ್ ಇಲ್ಲದೆ ಹೊರಡುವ ಹಾಗಿಲ್ಲ.

"ಹಿರೇಮಠರೇ, ಎಗೇನ್? ಮತ್ತೆ ಹೈಡ್ ಮಾಡಿದ್ದೀರಾ?"

"ಪಟ್ಟೀನ್ರೀ? ಎಲ್ಲಿ ಹೋಗತೈತ್ರಿ ಅಕ್ಕೋರ, ಕೆಳಗ ಮಲಗೇತಿ. ಮೆಲ್ಲಕ ಎಬ್ಬಸ್ರಿ."

ಅವರ ಕಡೆ ಸಾಲೆಯ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ನನ್ನ ದನಿಗೆ ಅದು ಸರಿಯಾಗಿಯೇ ಇತ್ತು ಅನ್ನಿ.

'ಲಾಕ್ ದ ಟಾಸ್ಕ್‌ಬಾರ್' ಎಂಬಲ್ಲಿ ಟಿಕ್ ಹಾಕಿ ನೋಡಿದೆ. ಆ ಲಾಕ್ ಪಟ್ಟಿಯ ಜಾಗ ಕಾಯುತ್ತದೆಯೇ ಹೊರತು ಅದು ಅಡಗುವುದನ್ನು ತಡೆಯುವುದಿಲ್ಲ. ಸಪೋರ್ಟ್‌ನವನಿಗೆ ಫೋನ್ ಮಾಡಿದರೆ ಒಂದೇ ಉತ್ತರ, "ಮೇಡಮ್, ಏಕ್ ಬಾರ್ ಲಾಗ್ ಆಫ್ ಕರ್‌ಕೆ ದೇಖೋ." ಕೊನೆಗೆ ಒಂದು ಸಂಜೆ ಹಟಕ್ಕೆ ಬಿದ್ದು ಹಿರೇಮಠರಿಗಿಂತ ತಡವಾಗಿ ಕೂತೆ, ಪಟ್ಟಿಯನ್ನು ಎಬ್ಬಿಸಿಟ್ಟೇ ಐರೋಲಿಯ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು, ಮುಖಾಮುಖಿ ಜಗಳವಾಡಲು ಕಳಂಬೋಲಿಗೆ ಹೋದರೆ, ಆ ಇಣುಕುವ ಭಂಗಿ.

"ಇಣುಕಿದರೆ ಕಾಣ್ತದಾ?" ಎಂದೆ.

"ಕಾಣಂಗಿಲ್ರಿ. ಆದ್ರ ಮಲಗಸೂ ಮೊದಲ ಒಮ್ಮೆ ಇಣಕಲಾರದ ಇರಾಕ ಆಗಂಗಿಲ್ಲ." ದನಿಯಿಂದಲೇ ನನ್ನನ್ನು ಗುರುತಿಸಿ ಎದ್ದು ನಿಂತರು. "ಕುಂಡ್ರಿ ಅಕ್ಕೋರ. ಚಾ ಹೇಳ್ತೀನಿ, ಆಮ್ಯಾಲ ಬೈಯ್ರಿ."

ಅವರ ಮಾನಿಟರ್ ಹಳೆಯದು, ಗಿಡ್ಡ. ಲೋಡಿಂಗ್ ಸ್ಲಿಪ್ಪಿನ ಕಟ್ಟಕಡೆಯ ಸಾಲು ಮಾಲಿನ ತೂಕ, ಪಟ್ಟಿ ಎದ್ದರೆ ಸರಿಯಾಗಿ ಅದರ ಮೇಲೇ ಕೂರುತ್ತಿತ್ತು.

"ಕಾಣದ ತೂಕಾ ಹೊಡದು ಒಮ್ಮೆ ಬೈಸಿಕೊಂಡೇನ್ರಿ. ಇನ್ನೊಮ್ಮೆ ತಪ್ಪಿದ್ರ ಮನೀಗೆ ಹೋಗು ಅಂದಾರ ಸೇಠಜೀ. ಇಬ್ರೂ ಹೆಣ್ಮಕ್ಕಳು ಕಾಲೇಜಿನ್ಯಾಗ ಅದಾರ."

"ಮೊದಲೇ ಹೇಳಬಾರದಿತ್ತಾ?"

"ನೀವು ಇಂಗ್ಲಿಷಿನ್ಯಾಗ ಬೈತಿದ್ರಿ. ಮುಗಿದ ಮ್ಯಾಲ ಹೇಳೂಣು ಅಂತ ಕಾದ್ರ, ಫೋನ್ ಇಟ್ಟಬಿಡ್ತಿದ್ರಿ."

ನಾನು ಕೂತು ಪಟ್ಟಿಯನ್ನು ಪರದೆಯ ಎಡಬದಿಗೆ ಎಳೆದು ನಿಲ್ಲಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. "ತೂಕಾ ಬಂತ್ರಿ. ಗಿರಾಕಿ ಹೆಸರ ಹೋತು. ಮಾಲ ಯಾರಿಗೆ ಕಳಸೂಣು?"

ದೊಡ್ಡ ಮಾನಿಟರ್ ಒಂದು ಬಂದಿದ್ದರೆ ಮುಗಿಯುತ್ತಿತ್ತು. ನಾನೇ ಹೋಗಿ ಸೇಠ್‌ಜಿಯನ್ನು ಕೇಳಿದೆ. "ದಿಖ್ತಾ ಹೈ ನಾ?" ಎಂದರು. ಕಾಣುವುದಿಲ್ಲ ಎಂದೆ. "ಚಶ್ಮಾ ಬದಲ್‌ನೇ ಕೋ ಬೋಲೋ." ಕನ್ನಡಕ ಬದಲಿಸಬೇಕಂತೆ. ಆಮೇಲೆ ಎಷ್ಟು ಸಲ ಕೇಳಿದರೂ ಅದೇ ನಗು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಹಾಗಾಗಿ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ದಿನದಲ್ಲಿ ಎಷ್ಟು ಸಲ ಲಾಗ್ ಆಫ್ ಆದರೂ, ಅದಕ್ಕೆ ಮುನ್ನ ನಾನು ಅವರಿಗಾಗಿ ಪಟ್ಟಿಯನ್ನು ಮಲಗಿಸಬೇಕು. ಎಲ್ಲರಿಗಿಂತ ಕೊನೆಗೆ ಹೋಗುವ ಅವರು ನನಗಾಗಿ ಅದನ್ನು ಎಬ್ಬಿಸಿಡಬೇಕು. ಸಂಜೆ ಫೋನ್ ಬರುತ್ತಿತ್ತು. "ಅಕ್ಕೋರ, ಎಬ್ಬಿಸಿಟ್ಟೇನ್ರಿ. ಮುಂಜಾನೆ ಗುಡ್ ಮಾರ್ನಿಂಗ್ ಅನ್ನತೈತಿ ನೋಡ್ರಿ." ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕೂಡ ಲಾರಿ ಡ್ರೈವರ್ ಕೈಲಿ ಬರತೊಡಗಿದವು. ಹಿಂಡಿ ಖಾರಕ್ಕೆ ನನ್ನ ಕಣ್ಣಲ್ಲಿ ನೀರು. ಅದಕ್ಕೂ ಫೋನ್ ಮಾಡಿ ಬೈದೆ. "ಮಂಗಳೂರಾಗ ಖಾರ ತಿನ್ನಂಗಿಲ್ಲೇನ್ರಿ ನನ್‌ಗೋಳು?" ಎಂದರು.

ಆದರೆ ಒಪ್ಪಂದ ಇಬ್ಬರದು, ಲಾಗಿನ್ ಮೂರು ಆಫೀಸುಗಳದು. ಒಂದು ಮಧ್ಯಾಹ್ನ ಲೈನ್ ಕಟ್ಟಾಗಿ ಎಲ್ಲರೂ ಹೊರಬಿದ್ದೆವು. ಲೈನ್ ಬಂದಾಗ ಡೊಂಬಿವಲಿಯವರು ಮೊದಲು ಒಳಹೋಗಿ, ಪಟ್ಟಿ ಎಬ್ಬಿಸಿ, ತಮ್ಮ ಕೆಲಸ ಮುಗಿಸಿ ಲಾಗ್ ಆಫ್ ಆದರು. ಆಮೇಲೆ ಒಳಹೋದ ಹಿರೇಮಠರ ತೂಕದ ಸಾಲಿನ ಮೇಲೆ ಪಟ್ಟಿ ಕೂತಿತ್ತು. ಹೊರಗೆ ಲಾರಿಗಳ ಹಾರ್ನ್, ಅದನ್ನು ಮಲಗಿಸಲೂ ಪುರಸೊತ್ತಿಲ್ಲ. ಅಂದಾಜಿನ ಮೇಲೆ ಬೆರಳಾಡಿಸಿರಬೇಕು. ತಪ್ಪು ತೂಕದ ಲಾರಿ ಗೇಟು ದಾಟಿತು.

ಇದು ಯಾವುದೂ ಅವತ್ತು ನನಗೆ ಗೊತ್ತಿರಲಿಲ್ಲ. ಸಂಜೆ ಎಂದಿನಂತೆ ಪಟ್ಟಿ ಮಲಗಿಸಿ ಹೊರಟೆ. ಫೋನ್ ಬರಲಿಲ್ಲ, ಲೋಡಿಂಗ್ ಜೋರಿರಬೇಕು ಅಂದುಕೊಂಡೆ.

ಬೆಳಿಗ್ಗೆ ಒಳಹೋದರೆ ಪರದೆಯ ತಳ ಖಾಲಿ. ನಾನು ಮಲಗಿಸಿದ್ದು ಮಲಗಿದ ಹಾಗೇ ಇತ್ತು. ಕಳಂಬೋಲಿಗೆ ಫೋನ್ ಮಾಡಿದೆ. ತೂಕದ ಕಾಟಾದವನು ಎತ್ತಿ, "ಅಂಕಲ್ ಕೋ ತೋ ಕಲ್ ಘರ್ ಭೇಜ್ ದಿಯಾ, ಮೇಡಮ್" ಎಂದ. ನಿನ್ನೆಯೇ ಅವರನ್ನು ಕೆಲಸದಿಂದ ಮನೆಗೆ ಕಳಿಸಿಬಿಟ್ಟಿದ್ದರು. ಅವರ ಮನೆಯ ನಂಬರ್ ನಾನು ಎಂದೂ ಕೇಳಿರಲಿಲ್ಲ; ಅವನ ಬಳಿಯೂ ಇರಲಿಲ್ಲ.

ಅವರ ಜಾಗಕ್ಕೆ ಬಂದವನಿಗೆ ಅದೇ ವಾರ ದೊಡ್ಡ ಮಾನಿಟರ್ ಕೊಟ್ಟರು. ಅದರಲ್ಲಿ ಎಲ್ಲವೂ ಕಾಣುತ್ತದಂತೆ, ಪಟ್ಟಿ ಎದ್ದಿದ್ದರೂ ಮಲಗಿದ್ದರೂ ಅವನಿಗೆ ಒಂದೇ. ನಾನು ಮಾತ್ರ ಬಹಳ ದಿನ ಸಂಜೆ ಕುರ್ಚಿಯಿಂದ ಏಳುವ ಮುನ್ನ ಅದನ್ನು ಮಲಗಿಸಿಯೇ ಹೋಗುತ್ತಿದ್ದೆ. ಬೆಳಿಗ್ಗೆ ಬಂದು ನಾನೇ ಎಬ್ಬಿಸುತ್ತಿದ್ದೆ.